ಅಟ್ಲಾಂಟಾನೋ ಮೆಂಫಿಸೋ?

ಹೋಗ್ಬನ್ನಿ: ಪ್ರಯಾಣದ ಬಗ್ಗೆ ಓದುಗರ ಪ್ರಶ್ನೆ, ನಮ್ಮ ಉತ್ತರ

*ಸರ್, ನಾನು ಕೋಲಾರದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. ಪೌರಕಾರ್ಮಿಕರ ಬದುಕಿನ ಬಗ್ಗೆ ಅಧ್ಯಯನ ಮಾಡುವವರ ಒಂದು ಬಳಗ ಇದೆ, ನಾಲ್ಕೈದು ದೇಶದವರು ಇದ್ದೇವೆ. ನಮ್ಮ ಮುಂದಿನ ಸಮ್ಮೇಳನ ಅಮೆರಿಕದಲ್ಲಿ. ಸುಮಾರು ಎಪ್ಪತ್ತು ಜನ, ಮೂರು ದಿನ. ಕೋಲಾರ, ತುಮಕೂರು ಕಡೆಯವರೇ ಹತ್ತು ಜನ. ಊರು ಆರಿಸುವ ಸಮಿತಿಯಲ್ಲಿ ನನ್ನನ್ನೂ ಹಾಕಿದ್ದಾರೆ. ಬರೀ ಹಾಲ್, ಹೋಟೆಲ್ ಇದ್ದರೆ ಸಾಲದು, ಅಲ್ಲಿನ ಕಪ್ಪು ಜನರ ಇತಿಹಾಸ ಕಣ್ಣಾರೆ ನೋಡುವಂತಿರಬೇಕು ಅಂತ ಎಲ್ಲರ ಆಸೆ. ಪಟ್ಟಿಯಲ್ಲಿ ವಾಷಿಂಗ್ಟನ್, ಅಟ್ಲಾಂಟಾ, ಮೆಂಫಿಸ್, ನ್ಯೂ ಆರ್ಲಿಯನ್ಸ್ ಇವೆ. ಜಾಸ್ತಿ ಜನ ಅಟ್ಲಾಂಟಾ ಅನ್ನುತ್ತಿದ್ದಾರೆ. ನಾನು ಅಮೆರಿಕ ನೋಡಿದವಳಲ್ಲ. ಯಾವುದಕ್ಕೆ ಕೈ ಎತ್ತಲಿ?*
ಉಪನ್ಯಾಸಕಿ, ಕೋಲಾರ

ಮೆಂಫಿಸ್‌ಗೆ ಎತ್ತಿ ಮೇಡಂ.

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ 26 ವರ್ಷ ಟಿಕೆಟ್ ಬುಕಿಂಗ್ ಆಫೀಸ್ ನಡೆಸಿದವನು ನಾನು. ಊರಿನ ಹೆಸರು ಮೊದಲು ಬರೆದುಕೊಂಡು, ಮಿಕ್ಕ ಮಾತು ಆಮೇಲೆ ಆಡೋದು ಅಭ್ಯಾಸ. ಈಗ ಮಿಕ್ಕ ಮಾತಿಗೆ ಬರೋಣ.

ನಿಮ್ಮ ಪಟ್ಟಿಯ ನಾಲ್ಕು ಊರುಗಳಲ್ಲಿ ಕೆಟ್ಟದ್ದು ಅಂತ ಯಾವುದೂ ಇಲ್ಲ. ಸಂಗೀತದವರು ಕೇಳಿದ್ದರೆ ಕಣ್ಣು ಮುಚ್ಚಿಕೊಂಡು ನ್ಯೂ ಆರ್ಲಿಯನ್ಸ್ ಅನ್ನುತ್ತಿದ್ದೆ. ಗುಲಾಮರು ಭಾನುವಾರ ಸೇರಿ ಡೋಲು ಬಡಿದು ಕುಣಿಯುತ್ತಿದ್ದ ಕಾಂಗೋ ಚೌಕ ಅಲ್ಲೇ ಇದೆ. ಮ್ಯೂಸಿಯಂ ಒಂದನ್ನೇ ನೋಡುವವರಿಗೆ ವಾಷಿಂಗ್ಟನ್ ಸಾಕು. 2016ರಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ ಇತಿಹಾಸದ ರಾಷ್ಟ್ರೀಯ ಮ್ಯೂಸಿಯಂಗೆ ಟಿಕೆಟ್ ದುಡ್ಡೇ ಇಲ್ಲ, ಬರುವ ಹೊತ್ತು ಹೇಳಿ ಪಾಸ್ ತೆಗೆದುಕೊಂಡರೆ ಆಯ್ತು. ಆದರೆ ಅಲ್ಲಿ ಉಳಿಸಿದ ಟಿಕೆಟ್ ದುಡ್ಡನ್ನು ವಾಷಿಂಗ್ಟನ್ನಿನ ಹೋಟೆಲ್ ಎರಡೇ ದಿನದಲ್ಲಿ ಬಡ್ಡಿ ಸಮೇತ ಕಿತ್ತುಕೊಳ್ಳುತ್ತದೆ.

ನೀವು ಸೇರುತ್ತಿರುವುದು ಕಸ ಎತ್ತುವವರ ಬಗ್ಗೆ ಮಾತಾಡೋಕೆ. ಆ ಮಾತಿಗೆ ಮೆಂಫಿಸ್‌ಗಿಂತ ಹತ್ತಿರದ ಊರು ಅಮೆರಿಕದಲ್ಲಿ ಇಲ್ಲ.

1968ರ ಫೆಬ್ರವರಿ 1. ಮೆಂಫಿಸ್‌ನಲ್ಲಿ ಮಳೆ. ಎಕೋಲ್ ಕೋಲ್, ರಾಬರ್ಟ್ ವಾಕರ್ ಅಂತ ಇಬ್ಬರು ಕೆಲಸಗಾರರು ನೆನೆಯಬಾರದು ಅಂತ ಕಸದ ಲಾರಿಯ ಹಿಂಬದಿಯ ಒಳಗೇ ಹೊಕ್ಕರು. ಬಿಳಿಯರ ಬೀದಿಗಳಲ್ಲಿ ಯಾರದಾದರೂ ಮನೆ ಮುಂದೆ ಮಳೆಗೆ ನಿಂತುಕೊಳ್ಳುವ ಹಾಗಿರಲಿಲ್ಲ. ಕಸ ಒತ್ತುವ ಯಂತ್ರ ಇದ್ದಕ್ಕಿದ್ದಂತೆ ಚಾಲೂ ಆಯಿತು. ಇಬ್ಬರೂ ಅದರೊಳಗೆ ಸಿಕ್ಕಿ ಸತ್ತರು. ಫೆಬ್ರವರಿ 12ರಂದು ಸುಮಾರು 1,300 ಕಪ್ಪು ಪೌರಕಾರ್ಮಿಕರು ಕೆಲಸ ನಿಲ್ಲಿಸಿದರು.

ಆಗ ಅವರು ಮನೆಗಳ ಹಿತ್ತಲಿಗೆ ಹೋಗಿ, ಟಬ್ಬಿಗೆ ಕಸ ಸುರಿದುಕೊಂಡು, ತಲೆ ಮೇಲೋ ಹೆಗಲ ಮೇಲೋ ಹೊತ್ತು ಲಾರಿಗೆ ತರಬೇಕಿತ್ತು. ಟಬ್ಬು ತೂತು. ಕೊಳೆತ ನೀರು ಕತ್ತಿನಿಂದ ಅಂಗಿಯೊಳಗೆ ಇಳಿಯುತ್ತಿತ್ತು. ಮೆರವಣಿಗೆಯಲ್ಲಿ ಅವರು ಹಿಡಿದ ಬೋರ್ಡಿನ ಮೇಲೆ ಸಂಬಳ, ರಜ ಅಂತೆಲ್ಲ ಇರಲಿಲ್ಲ. 'ಐ ಆ್ಯಮ್ ಎ ಮ್ಯಾನ್' ಅಂತಿತ್ತು. ನಾನು ಮನುಷ್ಯ. ಅಷ್ಟೇ.

ಮಾರ್ಟಿನ್ ಲೂಥರ್ ಕಿಂಗ್ ಮೆಂಫಿಸ್‌ಗೆ ಬಂದಿದ್ದು ಇವರಿಗೋಸ್ಕರ. ಏಪ್ರಿಲ್ 3ರ ರಾತ್ರಿ ಮೇಸನ್ ಟೆಂಪಲ್ ಅನ್ನುವ ಚರ್ಚಿನಲ್ಲಿ ಮಾತಾಡಿದರು. ಮಾರನೇ ದಿನ ಸಂಜೆ ಲೊರೇನ್ ಮೋಟೆಲಿನ ಮಹಡಿಯಲ್ಲಿ, 306ನೇ ರೂಮಿನ ಮುಂದೆ ನಿಂತಿದ್ದಾಗ ಗುಂಡು ಬಿತ್ತು. ಏಪ್ರಿಲ್ 16ಕ್ಕೆ ನಗರಾಡಳಿತ ಒಪ್ಪಂದಕ್ಕೆ ಬಂತು. ಸಂಘಕ್ಕೆ ಮಾನ್ಯತೆ ಸಿಕ್ಕಿತು, ಕೂಲಿಯೂ ಏರಿತು.

ನಮ್ಮ ಕಡೆ ಕಿಂಗ್ ಅಂದರೆ ಕನಸಿನ ಭಾಷಣ, ಮುಗೀತು. ಅವರು ಸತ್ತಿದ್ದು ಕಸ ಎತ್ತುವವರ ಮುಷ್ಕರಕ್ಕೆ ಬಂದಾಗ ಅನ್ನೋದು, ನೂರಾರು ಜನಕ್ಕೆ ಅಮೆರಿಕಕ್ಕೆ ಟಿಕೆಟ್ ಮಾಡಿಕೊಟ್ಟ ನನಗೇ ಗೊತ್ತಿರಲಿಲ್ಲ.

ಗೊತ್ತಾಗಿದ್ದು ಮಗಳ ಬಾಣಂತನಕ್ಕೆ ಹೋದಾಗ. ಅವಳ ಮನೆ ಅಟ್ಲಾಂಟಾದ ಹೊರಗಡೆ. ನಮ್ಮ ಮನೆಯವರಿಗೆ ಅಡುಗೆ, ಎಣ್ಣೆ ನೀರು, ಮಗು ಅಂತ ಕೈತುಂಬ ಕೆಲಸ. ನನಗೆ ಏನು ಕೆಲಸ? ಒಗೆದ ಬಟ್ಟೆ ಮಡಿಸೋದು, ಕಿಟಕಿಯಲ್ಲಿ ಅಳಿಲು ನೋಡೋದು. ನನ್ನ ಪಾಡು ನೋಡಲಾರದೆ ಅಳಿಯಂದಿರು ಎರಡು ದಿನ ರಜ ಹಾಕಿ ಕಾರು ತೆಗೆದರು. 'ಮಾವ, ಮೆಂಫಿಸ್ ನೋಡಿ ಬರೋಣ' ಅಂದರು. 600 ಕಿಲೋಮೀಟರ್ ಚಿಲ್ಲರೆ ದಾರಿ. ಬೆಳಗ್ಗೆ ಬುತ್ತಿ ಕಟ್ಟಿಸಿಕೊಂಡು ಹೊರಟು, ಮಧ್ಯಾಹ್ನ ಮೂರಕ್ಕೆ ಲೊರೇನ್ ಮೋಟೆಲಿನ ಮುಂದೆ ನಿಂತರೆ ಬಾಗಿಲು ಮುಚ್ಚಿದೆ! ಅವತ್ತು ಮಂಗಳವಾರ. ಆ ಮ್ಯೂಸಿಯಂಗೆ ಮಂಗಳವಾರವೇ ರಜ. ಜೀವನವೆಲ್ಲ ಬೇರೆಯವರಿಗೆ 'ರಜದ ದಿನ ನೋಡಿಕೊಂಡು ಹೋಗಿ ಸ್ವಾಮಿ' ಅಂತ ಹೇಳಿದವನು ನಾನು. ಅಳಿಯನ ಮುಖ ನೋಡೋಕೆ ನಾಚಿಕೆ ಆಯ್ತು.

ಆದರೂ ಆ ಸಂಜೆ ದಂಡ ಆಗಲಿಲ್ಲ. ಅಂಗಳಕ್ಕೆ ಯಾರು ಬೇಕಾದರೂ ಹೋಗಬಹುದು. ಎರಡಂತಸ್ತಿನ ಸಾಧಾರಣ ಕಟ್ಟಡ, ಬಾಗಿಲುಗಳಿಗೆ ತಿಳಿ ನೀಲಿ ಹಸಿರು ಬಣ್ಣ. ನಮ್ಮ ಹೈವೇ ಪಕ್ಕದ ಲಾಡ್ಜ್ ಥರಾನೇ. ಮಹಡಿಯ ಕಟಕಟೆಗೆ ಕೆಂಪು ಬಿಳಿ ಹೂವಿನ ದುಂಡನೆಯ ಹಾರ. ಕೆಳಗೆ ಆ ಕಾಲದ ಎರಡು ಕಾರುಗಳನ್ನು ನಿಲ್ಲಿಸಿದ್ದಾರೆ. ಈಗ ತಾನೇ ಯಾರೋ ಇಳಿದು ಮೇಲೆ ಹೋಗಿದ್ದಾರೆ ಅನ್ನಿಸುತ್ತದೆ. ಮೋಟೆಲ್ ನಡೆಸುತ್ತಿದ್ದ ವಾಲ್ಟರ್ ಬೇಲಿ ಅದಕ್ಕೆ ತನ್ನ ಹೆಂಡತಿ ಲೊರೀ ನೆನಪಾಗುವ ಹೆಸರಿಟ್ಟಿದ್ದ. ಕಿಂಗ್ ಅವರಿಗೆ ಗುಂಡು ಬಿದ್ದ ಸಂಜೆಯೇ ಆ ಹೆಂಗಸಿಗೆ ಪಾರ್ಶ್ವವಾಯು ಹೊಡೆಯಿತು. ಐದನೇ ದಿನ, ಏಪ್ರಿಲ್ 9ಕ್ಕೆ, ತೀರಿಕೊಂಡಳು. ಅಳಿಯಂದಿರು ಮೊಬೈಲ್ ನೋಡಿ ಇದನ್ನು ಓದಿ ಹೇಳುತ್ತಿದ್ದರು. ನಾನು ಬೆಂಚಿನ ಮೇಲೆ ಕೂತು, ತಣ್ಣಗಾದ ಚಪಾತಿ ಪಲ್ಯ ತಿನ್ನುತ್ತಾ ಆ ಹಾರ ನೋಡುತ್ತಿದ್ದೆ.

ರಾತ್ರಿ ಅಲ್ಲೇ ಉಳಿದು ಬುಧವಾರ ಬೆಳಗ್ಗೆ ಒಳಗೆ ಹೋದೆವು. 1991ರಿಂದ ಅದು ರಾಷ್ಟ್ರೀಯ ನಾಗರಿಕ ಹಕ್ಕುಗಳ ಮ್ಯೂಸಿಯಂ. ಒಳಗೆ ಒಂದು ಬಸ್ ಇದೆ. ಅದರೊಳಗೆ, ಬಿಳಿಯರಿಗೆ ಸೀಟು ಬಿಟ್ಟುಕೊಡಲ್ಲ ಅಂದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಮೂರ್ತಿ ಕೂತಿದೆ. ನೀವು ಹತ್ತಿದರೆ 'ಎದ್ದೇಳು, ಹಿಂದಕ್ಕೆ ಹೋಗು' ಅಂತ ಡ್ರೈವರ್ ಗದರುವ ಧ್ವನಿ ಬರುತ್ತದೆ. ಆಮೇಲೆ ಒಂದು ಕಸದ ಲಾರಿ. ನಿಮ್ಮ ಬಳಗದವರು ಅದರ ಮುಂದಿನಿಂದ ಬೇಗ ಕದಲುವುದಿಲ್ಲ. ಕೊನೆಗೆ ಗಾಜಿನಾಚೆ 306ನೇ ರೂಮು. ಮುದುಡಿದ ಹಾಸಿಗೆ, ಕುಡಿದಿಟ್ಟ ಕಾಫಿ ಕಪ್ಪು.

ಅಲ್ಲಿಂದ ಸ್ವಲ್ಪ ನಡೆದರೆ ಕ್ಲೇಬಾರ್ನ್ ಟೆಂಪಲ್. ಮುಷ್ಕರದವರು ದಿನಾ ಸೇರುತ್ತಿದ್ದ, ಮೆರವಣಿಗೆ ಹೊರಡುತ್ತಿದ್ದ ಚರ್ಚು. ನಾನು ನೋಡಿದ ಕಟ್ಟಡ ಈಗಿಲ್ಲ, 2025ರ ಏಪ್ರಿಲ್‌ನಲ್ಲಿ ಬೆಂಕಿಗೆ ಹಾಳಾಯಿತು. ಪಕ್ಕದಲ್ಲಿ 'ಐ ಆ್ಯಮ್ ಎ ಮ್ಯಾನ್' ಹೆಸರಿನ ಚೌಕ ಇದೆ. ಅಲ್ಲಿನ ಗೋಡೆಯ ಮೇಲೆ ಮುಷ್ಕರ ಮಾಡಿದವರ ಹೆಸರು ಕೆತ್ತಿದ್ದಾರೆ. ದೊಡ್ಡ ಮನುಷ್ಯರ ಹೆಸರು ಕೆತ್ತಿದ ಕಲ್ಲು ನಮ್ಮೂರಿನಲ್ಲೂ ಬೇಕಾದಷ್ಟಿವೆ. ಕಸ ಗುಡಿಸುವವರ ಹೆಸರು ಕೆತ್ತಿದ ಕಲ್ಲು ನಾನು ನೋಡಿದ್ದು ಅದೊಂದೇ.

ಹಾಗಂತ ಅಟ್ಲಾಂಟಾ ಬಿಡಬೇಡಿ. ಬಿಡೋಕೂ ಆಗಲ್ಲ. ಮೆಂಫಿಸ್‌ಗೆ ಇಲ್ಲಿಂದ ನೇರ ವಿಮಾನ ಇಲ್ಲ, ಹೇಗಿದ್ದರೂ ಒಂದು ಕಡೆ ಇಳಿಯಬೇಕು. ಆ ಒಂದು ಕಡೆ ಅಟ್ಲಾಂಟಾ ಆಗಲಿ. ಎರಡು ದಿನ ಮೊದಲೇ ಹೋಗಿ ಇಳಿಯಿರಿ.

ಅಲ್ಲಿ ಆಬರ್ನ್ ಅವೆನ್ಯೂ ಅನ್ನುವ ಒಂದೇ ಬೀದಿಯಲ್ಲಿ ಕಿಂಗ್ ಹುಟ್ಟಿದ ಮನೆ, ಅವರ ಚರ್ಚು, ಅವರ ಸಮಾಧಿ ಮೂರೂ ಇವೆ. ಮೂರಕ್ಕೂ ಟಿಕೆಟ್ ಇಲ್ಲ. ಹುಟ್ಟಿದ ಮನೆಯನ್ನು ದುರಸ್ತಿಗೆ ಅಂತ 2023ರ ಕೊನೆಯಲ್ಲಿ ಮುಚ್ಚಿದ್ದರು, ತೆರೆದಿದೆಯಾ ಅಂತ ವಿಚಾರಿಸಿಕೊಂಡು ಹೋಗಿ. ಅಲ್ಲೇ ಕೋಲು ಹಿಡಿದು ನಡೆಯುವ ನಮ್ಮ ಗಾಂಧಿ ಮೂರ್ತಿಯೂ ಇದೆ. ನಮ್ಮವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನೀವು ಮಾತ್ರ ಎಬೆನೀಜರ್ ಚರ್ಚಿನ ಹಳೇ ಕಟ್ಟಡದೊಳಗೆ ಹೋಗಿ. ಕಿಂಗ್ ಅವರ ಭಾಷಣದ ರೆಕಾರ್ಡ್ ಹಾಕಿರುತ್ತಾರೆ. ಮರದ ಬೆಂಚಿನಲ್ಲಿ ಸುಮ್ನೆ ಕೂತು ಕೇಳಬಹುದು.

ಆ ಚರ್ಚಿನಲ್ಲಿ 1965ರ ಜುಲೈ 4ರಂದು ಕಿಂಗ್ ಒಂದು ಪ್ರಸಂಗ ಹೇಳಿದ್ದರು. 1959ರಲ್ಲಿ ಭಾರತಕ್ಕೆ ಬಂದಿದ್ದಾಗ ಕೇರಳದ ಒಂದು ಶಾಲೆಗೆ ಹೋಗಿದ್ದರಂತೆ. ಅಸ್ಪೃಶ್ಯರೆನ್ನಿಸಿಕೊಂಡವರ ಮಕ್ಕಳು ಓದುವ ಶಾಲೆ. ಅಲ್ಲಿನ ಹೆಡ್‌ಮಾಸ್ಟರು, 'ಅಮೆರಿಕದಿಂದ ಬಂದ ನಿಮ್ಮಂಥದೇ ಒಬ್ಬ ಅಸ್ಪೃಶ್ಯರನ್ನು ಪರಿಚಯಿಸುತ್ತೇನೆ' ಅಂದರು. ಕಿಂಗ್ ಅವರಿಗೆ ಮೊದಲು ಚುರುಕ್ ಅಂತು. ಆಮೇಲೆ ತಮ್ಮ ಜನರ ಸ್ಥಿತಿ ನೆನೆದು, ಹೌದು, ನಾನೂ ಅಸ್ಪೃಶ್ಯನೇ ಅಂತ ಒಪ್ಪಿಕೊಂಡರು. ಕೋಲಾರದಿಂದ ಹೋದ ಹತ್ತು ಜನ ಆ ಬೆಂಚಿನಲ್ಲಿ ಕೂತಾಗ ಇದೊಂದು ಮಾತು ಗೊತ್ತಿರಲಿ.

ಇನ್ನೊಂದು. ಕಪ್ಪು ಜನರ ದೊಡ್ಡ ಸಮಾಜಶಾಸ್ತ್ರಜ್ಞ ಡಬ್ಲ್ಯು.ಇ.ಬಿ. ಡುಬಾಯ್ಸ್ ಪಾಠ ಮಾಡಿದ ಅಟ್ಲಾಂಟಾ ವಿಶ್ವವಿದ್ಯಾಲಯವೂ ಇದೇ ಊರಿನದು. 1946ರಲ್ಲಿ ಅಂಬೇಡ್ಕರ್ ಕಾಗದ ಬರೆದಿದ್ದು ಇದೇ ಡುಬಾಯ್ಸ್‌ಗೆ. ಅಷ್ಟರಲ್ಲಿ ಅವರು ಅಟ್ಲಾಂಟಾ ಬಿಟ್ಟಿದ್ದರು. ಅದಿರಲಿ, ನೀವು ಸಮಾಜಶಾಸ್ತ್ರದವರು, ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಅದೇ ಊರಿನ ನಾಗರಿಕ ಮತ್ತು ಮಾನವ ಹಕ್ಕುಗಳ ಕೇಂದ್ರದಲ್ಲಿ ಒಂದು ಊಟದ ಕಟ್ಟೆ ಇದೆ. ಆಗ ಕಪ್ಪು ಹುಡುಗರು ಬಿಳಿಯರ ಹೋಟೆಲಿಗೆ ಹೋಗಿ, ಕಾಫಿ ಕೇಳಿ, ಕೊಡದಿದ್ದರೂ ಏಳದೆ ಕೂತಿರುತ್ತಿದ್ದರಲ್ಲ, ಅದರ ಅನುಭವಕ್ಕೆ ಮಾಡಿದ್ದು. ಸ್ಟೂಲಿನ ಮೇಲೆ ಕೂತು, ಎರಡೂ ಅಂಗೈ ಮೇಜಿನ ಮೇಲಿಟ್ಟು, ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಬೇಕು. ಮೊದಲು ಒಬ್ಬ ಕಿವಿಯ ಹತ್ತಿರ ಪಿಸುಗುಡುತ್ತಾನೆ. ಆಮೇಲೆ ಬೈಗುಳ. ಪಾತ್ರೆ ಒಡೆದ ಸದ್ದು. ಕೂತ ಸ್ಟೂಲನ್ನೇ ಯಾರೋ ಒದ್ದ ಹಾಗೆ ಅದುರುತ್ತದೆ. ಎಲ್ಲ ಸೇರಿ ಎರಡು ನಿಮಿಷವೂ ಇಲ್ಲ. ನಾನು ಒಂದು ನಿಮಿಷಕ್ಕೇ ಹೆಡ್‌ಫೋನ್ ಕಿತ್ತಿಟ್ಟೆ. ಪಕ್ಕದಲ್ಲಿದ್ದ ಶಾಲಾ ಹುಡುಗಿ ಪೂರ್ತಿ ಕೂತಿದ್ದಳು.

ಅಟ್ಲಾಂಟಾದಿಂದ ಮೆಂಫಿಸ್‌ಗೆ ವಿಮಾನ ಬೇಡ, ಬಸ್ ಮಾಡಿಸಿ. ದಾರಿಯಲ್ಲಿ ಬರ್ಮಿಂಗ್‌ಹ್ಯಾಮ್ ಸಿಗುತ್ತದೆ. 1963ರ ಸೆಪ್ಟೆಂಬರ್ 15ರ ಭಾನುವಾರ, 16ನೇ ಬೀದಿಯ ಚರ್ಚಿಗೆ ಬಾಂಬ್ ಇಟ್ಟು ನಾಲ್ಕು ಹೆಣ್ಣುಮಕ್ಕಳನ್ನು ಕೊಂದ ಊರು. ಎದುರಿಗೇ ಒಂದು ಪಾರ್ಕು. ಅಲ್ಲಿ ಕಾಲುದಾರಿಯ ಎರಡೂ ಕಡೆಯಿಂದ ಮೈಮೇಲೆ ಎಗರುವ ಪೊಲೀಸ್ ನಾಯಿಗಳ ಮೂರ್ತಿ ಇಟ್ಟಿದ್ದಾರೆ. ನೀವು ನಡುವೆ ನಡೆದು ಹೋಗಬೇಕು. ಎರಡು ಗಂಟೆ ನಿಲ್ಲಿಸಿ, ಊಟ ಮುಗಿಸಿ ಹೊರಟರೆ ರಾತ್ರಿ ಮೆಂಫಿಸ್. ದಾರಿಯಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಅಷ್ಟು ಲಾಭ.

ಮೆಂಫಿಸ್‌ನ ಕೊರತೆಗಳನ್ನೂ ಹೇಳಬೇಕಲ್ಲ. ಬಸ್ಸು, ಗಿಸ್ಸು ನಂಬಿಕೊಳ್ಳುವ ಹಾಗಿಲ್ಲ. ಹಾಲ್, ಹೋಟೆಲ್ ಎರಡನ್ನೂ ಊರಿನ ನಡುವೆಯೇ ಹಿಡಿಯಿರಿ, ಆಗ ಲೊರೇನ್ ಮೋಟೆಲ್, ಬ್ಲೂಸ್ ಸಂಗೀತದ ಬೀಲ್ ಸ್ಟ್ರೀಟ್ ಎಲ್ಲ ನಡಿಗೆಯಲ್ಲೇ ಮುಗಿಯುತ್ತದೆ. ಮೇಸನ್ ಟೆಂಪಲ್‌ಗೆ ಮಾತ್ರ ವಾಹನ ಬೇಕು. ಕತ್ತಲಾದ ಮೇಲೆ ಒಬ್ಬೊಬ್ಬರೇ ಓಡಾಡಬೇಡಿ, ಕ್ಯಾಬ್ ಮಾಡಿ. ಜುಲೈ, ಆಗಸ್ಟ್ ಬೇಡವೇ ಬೇಡ, ಮಂಗಳೂರಿನ ಸೆಖೆ. ಅಕ್ಟೋಬರ್ ಚೆಂದ. ಏಪ್ರಿಲ್ 4ರ ಆಸುಪಾಸು ಇಟ್ಟುಕೊಂಡರೆ ಕಾರ್ಯಕ್ರಮಗಳು ಸಿಗುತ್ತವೆ, ಆದರೆ ರೂಮು ಬೇಗ ಹಿಡಿಯಬೇಕು. ಊರು ನೋಡುವ ದಿನ ಸೋಮವಾರ, ಮಂಗಳವಾರ ಬೀಳದ ಹಾಗೆ ನೋಡಿಕೊಳ್ಳಿ. ಆ ಕಡೆ ಮ್ಯೂಸಿಯಂಗಳಿಗೆ ಜಾಸ್ತಿ ಅವತ್ತೇ ರಜ. ನನ್ನ ಕಥೆ ಓದಿದಿರಲ್ಲ.

ಎಲ್ಲಕ್ಕಿಂತ ಮೊದಲು ವೀಸಾ. ಕರೆಯುವ ವಿಶ್ವವಿದ್ಯಾಲಯದಿಂದ ಹತ್ತೂ ಜನಕ್ಕೆ ಬೇರೆ ಬೇರೆ ಆಹ್ವಾನ ಪತ್ರ ತರಿಸಿ. ಸಂದರ್ಶನದ ದಿನ ಸಿಗೋದೇ ಕಷ್ಟ. ಹತ್ತರಲ್ಲಿ ಇಬ್ಬರಿಗೆ ತಡ ಆಯ್ತು ಅಂದುಕೊಳ್ಳಿ, ಅವರ ಟಿಕೆಟ್ ದುಡ್ಡು ಗೋವಿಂದ. ವೀಸಾ ಕೈಗೆ ಬರುವ ತನಕ ದುಡ್ಡು ವಾಪಸ್ ಬರದ ಟಿಕೆಟ್ ಯಾರು ಅಗ್ಗ ಅಂದರೂ ತೆಗೆಯಬೇಡಿ. ಸಮಿತಿಯವರು ಅಟ್ಲಾಂಟಾ ಅಂತಲೇ ಹಠ ಹಿಡಿದರೆ, ಆ ಇಬ್ಬರು ಕಸ ಎತ್ತುವವರ ಕಥೆಯನ್ನು ಎರಡು ನಿಮಿಷ ಹೇಳಿ. ಆಮೇಲೆ ಓಟು ಹಾಕಿಸಿ.

*ನಮ್ಮ ಅತ್ತೆ ಮಾವ ಅಟ್ಲಾಂಟಾ ಕಡೆ ಹೋಗುತ್ತಿದ್ದಾರೆ. ಇಬ್ಬರೂ ಸಸ್ಯಾಹಾರಿ. ಅಲ್ಲಿನ ಕಪ್ಪು ಜನರ 'ಸೋಲ್ ಫುಡ್' ರುಚಿ ನೋಡಬೇಕು ಅಂತ ಮಾವನವರಿಗೆ ಆಸೆ. ಏನಾದರೂ ಸಿಗುತ್ತಾ?*
ಗೃಹಿಣಿ, ಶಿಡ್ಲಘಟ್ಟ

ಸಿಗುತ್ತದಮ್ಮ, ಆದರೆ ಕೇಳಿಯೇ ತಿನ್ನಬೇಕು. ನಾನು ಸೊಪ್ಪಿನ ಪಲ್ಯ ಅಂತ ಆಸೆಯಿಂದ ಹಾಕಿಸಿಕೊಂಡೆ. ಎರಡು ತುತ್ತಾದ ಮೇಲೆ ಅಳಿಯಂದಿರು ಕೇಳಿ ನೋಡಿದರೆ, ಹಂದಿ ಮಾಂಸದ ಮೂಳೆ ಹಾಕಿ ಬೇಯಿಸಿದ್ದಂತೆ. ಅಲ್ಲಿ ಸೊಪ್ಪು ಬೇಯಿಸುವುದೇ ಹಾಗೆ. ಎಷ್ಟೋ ಕಡೆ ಕಾಳಿಗೂ ಅದನ್ನೇ ಹಾಕುತ್ತಾರೆ. 'ಮಾಂಸ ಇಲ್ಲ ತಾನೇ' ಅಂದರೆ ಸಾಲದು, 'ಮಾಂಸದ ರಸವೂ ಇಲ್ಲ ತಾನೇ' ಅಂತ ಕೇಳಲಿ.

ಆದರೆ ತಟ್ಟೆ ನೋಡಿದರೆ ಮಾವನವರಿಗೆ ಪರದೇಶ ಅನ್ನಿಸಲಿಕ್ಕಿಲ್ಲ. ಬೆಂಡೆಕಾಯಿ ಇರುತ್ತದೆ, ಜೋಳದ ಹಿಟ್ಟು ಸವರಿ ಕರಿದದ್ದು. ಅಲಸಂದೆ ಕಾಳು ಇರುತ್ತದೆ. ಹೊಸ ವರ್ಷದ ದಿನ ಅಲಸಂದೆ, ಅನ್ನ ತಿಂದರೆ ಒಳ್ಳೆಯದಾಗುತ್ತದೆ ಅಂತ ನಂಬಿಕೆ. ಬೆಂಡೆ, ಅಲಸಂದೆ ಎರಡೂ ಗುಲಾಮರ ಹಡಗುಗಳ ಕಾಲದಲ್ಲಿ ಆಫ್ರಿಕಾದಿಂದ ಅಮೆರಿಕಕ್ಕೆ ಹೋದವು. ನಮ್ಮ ರಾಗಿಯ ಮೂಲವೂ ಆಫ್ರಿಕಾವೇ. ಸಿಹಿಗೆಣಸಿನ ಪೈ ಅಂತ ಒಂದಿದೆ, ಸಿಹಿಗೆಣಸಿನ ಹೋಳಿಗೆ ಹೂರಣವನ್ನು ತಟ್ಟೆಯಲ್ಲಿ ಬೇಯಿಸಿದ ಹಾಗೆ. ಅದನ್ನು ಬಿಡಬೇಡಿ ಅಂತ ಹೇಳಿ. ಉಪ್ಪಿನಕಾಯಿ ಬಾಟಲಿಯನ್ನು ದೊಡ್ಡ ಬ್ಯಾಗಿನಲ್ಲಿ ಇಡಲಿ, ಕೈಚೀಲದಲ್ಲಿಟ್ಟರೆ ಏರ್‌ಪೋರ್ಟಿನಲ್ಲೇ ಬಿಟ್ಟು ಹೋಗಬೇಕಾಗುತ್ತದೆ.

*ಕಳೆದ ಸಂಚಿಕೆಯಲ್ಲಿ ನೀವು ಅಮೆರಿಕದಲ್ಲಿ ಗುಲಾಮಗಿರಿಯ ಜಾಗಗಳನ್ನೆಲ್ಲ ಮ್ಯೂಸಿಯಂ ಮಾಡಿದ್ದಾರೆ ಅಂತ ಹೊಗಳಿದ್ದಿರಿ. ಜನರ ಕಷ್ಟವನ್ನು ಟಿಕೆಟ್ ಇಟ್ಟು ತೋರಿಸೋದು ಸರೀನಾ? ನಾನು ಕೆಜಿಎಫ್‌ನವನು. ನಮ್ಮ ತಾತ, ಅಪ್ಪ ಇಬ್ಬರೂ ಗಣಿಗೆ ಇಳಿದವರು. ಈಗ ಸಿನಿಮಾ ನೋಡಿ ಬಂದವರು ಸೈನೈಡ್ ದಿಬ್ಬದ ಮುಂದೆ ರೀಲ್ಸ್ ಮಾಡಿಕೊಂಡು ಹೋಗುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.*
ಓದುಗ, ರಾಬರ್ಟ್‌ಸನ್‌ಪೇಟೆ

ನಿಮ್ಮ ಹೊಟ್ಟೆ ಉರಿ ನ್ಯಾಯವಾದದ್ದೇ. ಇದೇ ಜಗಳ ಅಲ್ಲೂ ಇದೆ. ಲೊರೇನ್ ಮೋಟೆಲನ್ನು ಮ್ಯೂಸಿಯಂ ಮಾಡಲು 1988ರಲ್ಲಿ ಅಲ್ಲಿ ವಾಸವಿದ್ದ ಕೊನೆಯ ಮಹಿಳೆಯನ್ನು ಎಬ್ಬಿಸಿದರು. ಆಕೆ ಎದುರಿನ ರಸ್ತೆಯಲ್ಲೇ ಮೇಜು ಹಾಕಿಕೊಂಡು ದಶಕಗಳ ಕಾಲ ಪ್ರತಿಭಟನೆ ಮಾಡಿದರು. 'ಇಷ್ಟು ದುಡ್ಡು ಸುರಿಯುವ ಬದಲು ಇಲ್ಲಿನ ಬಡವರಿಗೆ ಮನೆ ಕಟ್ಟಿಸಿ, ಕಿಂಗ್ ಇದ್ದಿದ್ದರೆ ಅದನ್ನೇ ಕೇಳುತ್ತಿದ್ದರು' ಅನ್ನೋದು ಆಕೆಯ ವಾದ. ಮ್ಯೂಸಿಯಂ ನೋಡಿ ಹೊರಬಂದ ಮೇಲೂ ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆದರೆ ಅಲಬಾಮಾ ರಾಜ್ಯದ ಮಾಂಟ್ಗೊಮರಿಯಲ್ಲಿ ಒಂದು ಸ್ಮಾರಕ ನೋಡಿದೆ. ಬಿಳಿಯರ ಗುಂಪು ಹೊಡೆದು, ನೇಣು ಹಾಕಿ, ಸುಟ್ಟು ಕೊಂದ ಕಪ್ಪು ಜನರದ್ದು. 2018ರಲ್ಲಿ ತೆರೆದರು. 800ಕ್ಕೂ ಹೆಚ್ಚು ತುಕ್ಕು ಬಣ್ಣದ ಉಕ್ಕಿನ ಕಂಬ. ಒಂದೊಂದು ಕಂಬ ಒಂದೊಂದು ಜಿಲ್ಲೆಗೆ, ಮೇಲೆ ಸತ್ತವರ ಹೆಸರು, ತಾರೀಕು. ಹೋಗುವಾಗ ಕಂಬಗಳು ನಮ್ಮ ಎದುರಿಗೆ, ಆಳೆತ್ತರಕ್ಕೆ ಇರುತ್ತವೆ. ನಡೆಯುತ್ತಾ ಹೋದ ಹಾಗೆ ನೆಲ ಇಳಿಜಾರಾಗುತ್ತದೆ, ಕಂಬಗಳು ಅಲ್ಲೇ ಉಳಿಯುತ್ತವೆ. ಸ್ವಲ್ಪ ಹೊತ್ತಿಗೆ ಅವು ತಲೆಯ ಮೇಲೆ ನೇತಾಡುತ್ತಿರುತ್ತವೆ. ಹೆಸರು ಓದಬೇಕಾದರೆ ಕತ್ತೆತ್ತಬೇಕು. ಎಷ್ಟೋ ಕಡೆ ಹೆಸರೇ ಇಲ್ಲ, 'ಗೊತ್ತಿಲ್ಲ' ಅಂತಷ್ಟೇ ಕೊರೆದಿದ್ದಾರೆ. ಅಲ್ಲಿ ಯಾರೂ ರೀಲ್ಸ್ ಮಾಡುತ್ತಿರಲಿಲ್ಲ ಸ್ವಾಮಿ. ಜೋರಾಗಿ ಮಾತಾಡುವವರೂ ಇರಲಿಲ್ಲ.

ಟಿಕೆಟ್ ಇಟ್ಟಿದ್ದರ ಬಗ್ಗೆ ನನಗೆ ತಕರಾರಿಲ್ಲ. ಯಾರ ಕಥೆ, ಯಾರು ಹೇಳುತ್ತಿದ್ದಾರೆ ಅಂತ ನೋಡುತ್ತೇನೆ. ನಿಮ್ಮೂರಿಗೆ ಬಂದವರಿಗೆ ಏನು ತೋರಿಸುತ್ತಾರೆ ಹೇಳಿ. ಬ್ರಿಟಿಷರ ಬಂಗಲೆ, ಕ್ಲಬ್ಬು. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂತು ಅನ್ನೋ ಹೆಮ್ಮೆ. ಆ ಕರೆಂಟು ಬೇಕಾಗಿದ್ದು ಗಣಿಗೆ. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದವರ ಲೈನ್ ಮನೆಗಳ ಕಡೆಗೆ ಯಾವ ಗೈಡೂ ಕರೆದುಕೊಂಡು ಹೋಗಲ್ಲ. ಬಿದಿರು ತಟ್ಟಿಯ ಗುಡಿಸಲಿನಿಂದ ಶುರು ಮಾಡಿದವರು, ಕಲ್ಲಿನ ಧೂಳು ಕುಡಿದು ಎದೆ ಕಟ್ಟಿ ಸತ್ತವರು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೂ ದಿನಾ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುತ್ತಿರುವವರು. ಇವರ ಹೆಸರಿನ ಒಂದು ಕಂಬ ಎಲ್ಲಿದೆ?

ಮೊದಲನೇ ಪ್ರಶ್ನೆ ಕೇಳಿದ ಮೇಡಂ ನಿಮ್ಮ ಜಿಲ್ಲೆಯವರೇ. ಅವರ ಬಳಗದ ಇನ್ನೊಂದು ಸಮ್ಮೇಳನ ನಿಮ್ಮೂರಲ್ಲಿ ಆಗಬಾರದು ಅಂತೇನಿಲ್ಲ ಅಲ್ವಾ? ಅದು ಆಗುವ ತನಕ ಒಂದು ಕೆಲಸ ಮಾಡಿ. ನಿಮ್ಮ ತಾತ ಯಾವ ಶಾಫ್ಟಿಗೆ ಇಳಿಯುತ್ತಿದ್ದರು, ಯಾವ ಪಾಳಿ, ಯಾವ ಲೈನಿನಲ್ಲಿ ಮನೆ, ಇಷ್ಟನ್ನು ಒಂದು ಕಾಗದದಲ್ಲಿ ಬರೆದು ಕಳಿಸಿ. ನಾನು ಒಂದು ಶನಿವಾರ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ಗಾಡಿ ಹತ್ತಿ ಬರುತ್ತೇನೆ. ಆ ಮನೆಯಿಂದ ಶಾಫ್ಟಿನ ತನಕ ಅವರು ನಡೆದ ದಾರಿಯಲ್ಲಿ ನೀವು ನನ್ನನ್ನು ಕರೆದುಕೊಂಡು ಹೋಗಿ.